ಬಾಣಂತಿಯ ಮೆಣಸಿನ ಖಾರ

ಸಿರುಗುಪ್ಪ
೧೯ ಜನವರಿ ೨೦೨೫

ಪ್ರೀತಿಯ ಶಶಿರೇಖಾ,

ಇಲ್ಲಿ ನಾನೂ ನಿನ್ನ ಭಾವನೂ ಆರಾಮಾಗಿದ್ದೇವೆ. ಮೊಮ್ಮಗ ಹುಟ್ಟಿ ಇಷ್ಟು ದಿನಕ್ಕೆ ಬರೆಯುತ್ತಿದ್ದೇನೆ, ಬೇಜಾರಾಗಬೇಡ. ಫೋನ್ ಹಿಡಿದರೆ ನನಗೆ ಜಗಳದ ಮಾತೇ ಮೊದಲು ಬರುತ್ತದೆ, ಅದಕ್ಕೇ ಕಾಗದ.

ನಿನ್ನ ಮಗಳು ಸೌಂದರ್ಯಳಿಗೆ ದಿನ ತುಂಬಿತೆಂದು ಖಾರದ ಸಾಮಾನಿಗೆ ನಿಮ್ಮೂರ ಕೌಲ್ ಬಜಾರಿಗೆ ಬಂದಿದ್ದೆ. ಗ್ರಂದಿಗೆ ಅಂಗಡಿಯ ಗವಿಸಿದ್ದೇಶ, "ನಿಮ್ಮ ಸೌಂದರ್ಯಗ ಗಂಡು ಕೂಸಂತಲ್ರಿ ಅಮ್ಮಾರ! ತಂಗಿಯಾರು ಆಗಲೇ ಮೆಣಸು, ಸುಂಠಿ ಎಲ್ಲಾ ಒಯ್ದರಲ್ಲ" ಅಂದ. ಗೊತ್ತಿದ್ದವಳ ಹಾಗೆ ನಕ್ಕುಬಿಟ್ಟೆ. ನನ್ನ ಸಾಮಾನೂ ಕಟ್ಟಿಸಿಕೊಂಡು ಊರಿಗೆ ಮರಳಿದೆ. ನಾವಿಬ್ಬರೂ ಒಂದೇ ಮನೆಗೆ ಸೊಸೆಯಾಗಿ ಬಂದವರು. ಈ ಮನೆತನದ ಯಾವ ಬಾಣಂತಿಗೆ ನಾನು ಖಾರ ಕುಟ್ಟಿಲ್ಲ, ಹೇಳು?

ಅತ್ತೆಯವರ ಮೆಣಸಿನ ಬಳ್ಳಿ ನೆನಪಿದೆಯಾ? ಈ ಬಿಸಿಲಿಗೆ ಅದೆಲ್ಲಿ ಬದುಕೀತು ಎಂದು ಓಣಿಯೆಲ್ಲ ನಕ್ಕರೂ ಬಚ್ಚಲ ನೀರು ಕುಡಿಸಿ ನುಗ್ಗೆ ಮರಕ್ಕೆ ಹಬ್ಬಿಸಿದ್ದರು. ವರ್ಷಕ್ಕೊಂದು ಹಿಡಿ ಕಾಳು ಬಿಟ್ಟರೆ ಊರಿಗೆಲ್ಲ ಹಂಚುವವರ ಗತ್ತು! ಗೊಂಚಲಲ್ಲಿ ಒಂದು ಕಾಳು ಕೆಂಪಾದರೆ ಸಾಕು, ಬಿಡಿಸಿ ಮಾಳಿಗೆ ಮೇಲೆ ಒಣಹಾಕುವರು. ಅಂಗಡಿಯ ಕಾಳನ್ನು ನೀರಿಗೆ ಸುರಿದು, ತೇಲಿದ್ದೆಲ್ಲ ಪಪ್ಪಾಯಿ ಬೀಜವೆಂದು ಬೈದು ಚೆಲ್ಲುವರು.

ತವರಿನಲ್ಲಿ ನಿನಗೆ ತಾಯಿ ಇರಲಿಲ್ಲವೆಂದು ನಿನ್ನ ಬಾಣಂತನ ಇಲ್ಲೇ ಆಯಿತು. ನಾನು ಮೆಣಸು ತುಪ್ಪದಲ್ಲಿ ಹುರಿದು ಕುಟ್ಟುತ್ತಿದ್ದರೆ ಗಂಡಸರೆಲ್ಲ ಸೀನುತ್ತ ಕಟ್ಟೆಗೆ ಓಡಿದರು. "ಅಕ್ಕಾ, ನಿನ್ನ ಕೈಯಾಗಿನ ಖಾರ ಉಂಡರ ಮೈ ಗಟ್ಟಿ ಆಕೈತಿ" ಅನ್ನುತ್ತ ನೀನು ಸೌಂದರ್ಯಳನ್ನು ನನ್ನ ಮಡಿಲಿಗೆ ಹಾಕಿ ನಿದ್ದೆ ಹೋಗುತ್ತಿದ್ದೆ. ಅಂಥ ದಿನ ಮತ್ತೆ ಬರಲಿಲ್ಲ ನನಗೆ.

ಅವಳ ಕಿವಿಗೆ ಅರಿವೆ ಕಟ್ಟು, ತಣ್ಣೀರು ಮುಟ್ಟಲು ಬಿಡಬೇಡ. ಕೂಸು ಅವಳ ಮೂಗು, ನಿನ್ನ ಗಂಡನ ಹಟ ಪಡೆದು ನೂರು ವರ್ಷ ಬಾಳಲಿ.

ನಿನ್ನ ಅಕ್ಕ,
ಪಾರಮ್ಮ

ತಾ.ಕ.: ಬುಧವಾರ ಖಾರ ಕುಟ್ಟಿಕೊಂಡು ನಿನ್ನ ಮನೆಗೆ ಬಂದಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗೆ ಕುರುಗೋಡಿನ ನಿನ್ನ ಬೀಗಿತ್ತಿ, "ಹಡೆಯದಾಕಿ ಕೈಯ ಖಾರ ಬಾಣಂತಿಗೆ ಬ್ಯಾಡ್ರಿ" ಅನ್ನುವುದು ಕೇಳಿಸಿತು. ಆಕೆಗೆ ನನ್ನ ಗುರುತಿಲ್ಲ, ಅನ್ನಲಿ. ನೀನು "ಅದಕ್ಕ ನಾ ಆಕಿನ್ನ ಕರದಿಲ್ರಿ" ಅಂದೆಯಲ್ಲ ಶಶಿ! ಹಾಗೇ ಚಪ್ಪಲಿ ಮೆಟ್ಟಿ ತಿರುಗಿದೆ. ಡಬ್ಬಿ ಗವಿಸಿದ್ದೇಶನ ಅಂಗಡಿಯಲ್ಲಿಟ್ಟಿದ್ದೇನೆ, ತರಿಸಿಕೋ. ಬೀಗಿತ್ತಿ ಕೇಳಿದರೆ ಕೊಂಡು ತಂದದ್ದು ಅನ್ನು. ನನ್ನ ಹೆಸರು ಬೇಡ, ಹುಡುಗಿ ಉಂಡರೆ ಸಾಕು.