ಅಳುವುದು ಹೇಗೆ ಎಂದು ಕೇಳಿದಿರಲ್ಲ

ನಾಲತವಾಡ
೨೧ ಫೆಬ್ರುವರಿ ೧೯೭೨

ಖಂಡೆಪ್ಪ ಅವರಿಗೆ ಇಂದುಬಾಯಿಯ ನಮಸ್ಕಾರ.

ಹೆಂಡತಿಯಾದವಳು ಗಂಡನ ಹೆಸರು ಹಿಡಿದು ಬರೆದಳಲ್ಲ ಎಂದು ಹುಬ್ಬು ಗಂಟಿಕ್ಕಬೇಡಿ. ಡಿಸೆಂಬರಿನಲ್ಲಿ ನೀವು ಸತ್ತಿದ್ದಿರಿ. ತಲಾಠಿ, ಸಾಲಿ ಮಾಸ್ತರ, ಇಂಡಿ ತಾಲೂಕು ಕಚೇರಿಯಿಂದ ಬಂದ ಸಾಹೇಬರು, ಎಲ್ಲರೂ ನನ್ನ ಬಾಯಿಂದಲೇ ನಿಮ್ಮ ಹೆಸರು ಹೇಳಿಸಿದರು. ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿದೆ. ಪ್ರಾಣಪತಿ, ಚರಣಕಮಲ ಮುಂತಾದವು ಬೇಕಿದ್ದರೆ ನೀವೇ ಸೇರಿಸಿಕೊಂಡು ಓದಿ.

ನಿಮ್ಮ ಕಾಗದ ಮುಟ್ಟಿತು. ಲಡಾಯಿಗೆ ಹೋದ ಮೇಲೆ ನನಗೆ ಬರೆದ ಮೊದಲ ಕಾಗದ. ನಾನು ಹೇಗಿದ್ದೇನೆ ಎಂದು ಎಲ್ಲಾದರೂ ಕೇಳಿರಬಹುದೇನೋ ಅಂತ ಹಿಂದೆ ಮುಂದೆ ತಿರುವಿ ನೋಡಿದೆ. ಇಲ್ಲ. ಬರೀ ನಾಟಕದ ಸುದ್ದಿ. ಗಡಿಯಾಚೆಯಿಂದ ಓಡಿಬಂದ ನಿರಾಶ್ರಿತರ ಡೇರೆಗಳ ಪಕ್ಕದಲ್ಲಿ ಪಲ್ಟನ್ನಿನ ಕನ್ನಡದ ಹುಡುಗರು ಸೇರಿ ಆಟ ಕಟ್ಟಿದ್ದೀರಿ. ಗಂಡ ಸತ್ತನೆಂಬ ತಾರು ಬಂದಾಗ ಎದೆ ಬಡಿದುಕೊಂಡು ಅಳುವ ಹೆಂಡತಿಯ ಪಾರ್ಟು ನಿಮ್ಮದು. ಸೊಳ್ಳೆಪರದೆ ಉಟ್ಟು ಆಡಿದಿರಂತೆ. ಯುಗಾದಿಗೆ ದೊಡ್ಡ ಸಾಹೇಬರ ಮುಂದೆ ಮತ್ತೆ ಆಟ, ಅದಕ್ಕೆ ನನ್ನ ಮದುವೆಯ ಇಳಕಲ್ ಸೀರೆ ಬೇಕು. ಮತ್ತೆ, ತಾರು ಬಂದ ಗಳಿಗೆ ಹೆಂಡತಿ ಏನು ಮಾಡುತ್ತಾಳೆ, ಹೇಗೆ ಅಳುತ್ತಾಳೆ ಎಂದು ಸವಿಸ್ತಾರ ಬರೆಯಬೇಕು. ತಪ್ಪಿ ಬಂದ ತಾರಿನ ಸುದ್ದಿಯನ್ನು ನಿಮ್ಮ ಅವ್ವ ಬರೆಸಿದ್ದರಲ್ಲ, ಅದನ್ನೋದಿ ಗೆಳೆಯರೆಲ್ಲ ಹೊಟ್ಟೆ ಹಿಡಿದು ನಕ್ಕರು, ಈ ಆಟ ಹುಟ್ಟಿದ್ದೇ ಅದರಿಂದ ಎಂದಿದ್ದೀರಿ. ನಿನಗ ಹೆಂಗೂ ಅನುಭವ ಆಗೇತಲ್ಲ ಅಂತ ಬೇರೆ. ಕೊನೆಗೆ ಅಪ್ಪಣೆ: ರಜೆಗೆ ಬರುವಷ್ಟರಲ್ಲಿ ನಾನು ತವರು ಬಿಟ್ಟು ಅಗರಖೇಡದ ನಿಮ್ಮ ಮನೆಗೆ ಹೋಗಿ, ಕೈತುಂಬ ಬಳೆ ಇಟ್ಟುಕೊಂಡು ಬಾಗಿಲಲ್ಲಿ ನಿಂತಿರಬೇಕು.

ಡೇರೆಯ ಮುದುಕಿಯೊಬ್ಬಳು ಆಟದ ನಡುವೆ ಎದ್ದು ಬಂದು ನಿಮ್ಮನ್ನು ತಬ್ಬಿಕೊಂಡು ಅತ್ತಳಂತೆ. ಕನ್ನಡದ ಒಂದು ಅಕ್ಷರ ತಿಳಿಯದವಳನ್ನೂ ಅಳಿಸಿಬಿಟ್ಟೆ ಅಂತ ಬೀಗಿದ್ದೀರಿ. ಆಕೆಯ ಮಕ್ಕಳು ಎಲ್ಲಿ, ಊರಲ್ಲಿ ಏನು ಕಂಡು ಓಡಿಬಂದಳು ಎಂದು ನಿಮ್ಮಲ್ಲಿ ಒಬ್ಬನಾದರೂ ಕೇಳಿದನೇ? ಆಕೆ ಅತ್ತದ್ದು ತನ್ನವರಿಗಾಗಿ. ನೀವು ಅದನ್ನು ಬಹುಮಾನದ ಹಾಗೆ ಜೇಬಿಗೆ ಹಾಕಿಕೊಂಡಿರಿ. ಇದನ್ನು ಓದುವಾಗ ನನಗೆ ನಿಮ್ಮ ಬಗ್ಗೆ ಸಿಟ್ಟು ಬರಲಿಲ್ಲ, ಹೇಸಿಕೆ ಬಂತು.

ನಿಮ್ಮ ಕಲೆ ನನಗೇನು ಹೊಸದೇ? ಊರ ಆಟದಲ್ಲಿ ನೀವು ಪತಿವ್ರತೆಯಾಗಿ ಅತ್ತಾಗ ಅಗರಖೇಡದ ಹೆಂಗಸರು ಸೆರಗು ಒದ್ದೆ ಮಾಡಿಕೊಂಡಿದ್ದರು. ಮನೆಗೆ ಬಂದು ಊಟಕ್ಕೆ ಕೂತಿರಿ. ಪಲ್ಯಕ್ಕೆ ಉಪ್ಪು ಕಡಿಮೆ ಎಂದು ತಾಟು ಒದ್ದಿರಿ, ನನ್ನ ಕೆನ್ನೆಗೆ ಹೊಡೆದಿರಿ. ಬಣ್ಣ ಒರೆಸಿರಲಿಲ್ಲ, ನನ್ನ ಸೀರೆ ಇನ್ನೂ ನಿಮ್ಮ ಮೈಮೇಲೇ ಇತ್ತು. ಅಷ್ಟು ಚೆಂದದ ಹೆಂಗಸಿನ ಕೈಯಿಂದ ಅಂಥ ಪೆಟ್ಟು ತಿಂದವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಇರಲಿ, ಪಾಠ ಕೇಳಿದ್ದೀರಿ, ಹೇಳುತ್ತೇನೆ. ತಾರು ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಮಾಸ್ತರರು ಬಾಗಿಲಲ್ಲಿ ನಿಂತು ಓದಿದರು. ನಾನು ಹಂಚಿನ ಮೇಲಿನ ರೊಟ್ಟಿ ತೆಗೆದಿಟ್ಟೆ, ಹೊತ್ತುತ್ತಿತ್ತು. ನಿಮ್ಮ ಅವ್ವ ಹೊನ್ನವ್ವ ನೆಲಕ್ಕೆ ಬಿದ್ದು ಹೊರಳಾಡಿದರು. ಅದು ಖರೆ ಅಳು, ಅದನ್ನು ನಾನು ಹಗುರ ಮಾಡುವುದಿಲ್ಲ. ಆಮೇಲೆ ಓಣಿಯ ಹೆಂಗಸರು ನನ್ನನ್ನು ಹೊಸ್ತಿಲ ಮೇಲೆ ಕೂಡಿಸಿ ಕಲ್ಲಿನಿಂದ ಬಳೆ ಒಡೆದರು. ಗಾಜು ಮುಂಗೈಗೆ ಹೊಕ್ಕಿತು. ಆಗಲೂ ನನಗೆ ಅಳು ಬರಲಿಲ್ಲ. ಕಣ್ಣಾಗ ಒಂದು ಹನಿ ಇಲ್ಲ ನೋಡ್ರಿ, ಕಲ್ಲಿನಂಥಾಕಿ ಅಂದರು. ನನ್ನ ಮಗನ್ನ ನುಂಗಿದಿ ಅಂದರು ನಿಮ್ಮ ಅವ್ವ. ಮರುದಿನದಿಂದ ಮುಂಜಾನೆ ಯಾರೂ ನನ್ನ ಮುಖ ನೋಡಲಿಲ್ಲ. ಹಾಗಿರುವಾಗ ಎರಡನೆಯ ತಾರು ಬಂತು. ನೀವು ಬದುಕಿದ್ದೀರಿ, ಸತ್ತವರು ಸಿಂದಗಿ ಕಡೆಯ ಇನ್ನೊಬ್ಬ ಖಂಡೆಪ್ಪ. ಬಳೆ ಒಡೆದ ಕೈಗಳೇ ಬಳೆ ತಂದವು. ಆದದ್ದು ಆತು, ನಗು ನಮ್ಮವ್ವಾ ಅಂದರು. ನಾನು ಬರಿಗೈಯಲ್ಲೇ ಬಸ್ಸು ಹತ್ತಿ ತವರಿಗೆ ಬಂದೆ.

ಸತ್ತ ಆ ಇನ್ನೊಬ್ಬ ಖಂಡೆಪ್ಪನವರ ಹೆಂಡತಿ ಸಾತವ್ವನ ಊರಿಗೆ ಹೋಗಿದ್ದೆ. ನಾನು ಅಗರಖೇಡದಲ್ಲಿ ವಿಧವೆಯಾಗಿ ಮೂಲೆಯಲ್ಲಿ ಕೂತಿದ್ದಾಗ ಆಕೆ ಅಲ್ಲಿ ಕುಂಕುಮ ಇಟ್ಟುಕೊಂಡು, ಗಂಡ ಬಂದರೆ ಉಣ್ಣಲಿ ಅಂತ ಶೇಂಗಾ ಹೋಳಿಗೆ ಮಾಡಿಟ್ಟಿದ್ದಳಂತೆ. ನನ್ನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಆಕೆ ನನ್ನ ಕೈ ಹಿಡಿದುಕೊಂಡು, ನಿಮ್ಮವರಾದ್ರೂ ಉಳದ್ರಲ್ಲ, ಅಷ್ಟು ಸಾಕ್ರಿ ಅಂದಳು. ನಾನು ತಲೆ ಎತ್ತಲಿಲ್ಲ. ಅಳು ಕಲಿಯಬೇಕಿದ್ದರೆ ಆ ಮನೆಗೆ ಹೋಗಿ ಕೂಡಿ. ಆದರೆ ಆಕೆ ನಿಮಗೆ ಅತ್ತು ತೋರಿಸುವುದಿಲ್ಲ.

ಸೀರೆ ಪಾರ್ಸಲ್ ಮಾಡಿದ್ದೇನೆ. ಸೆರಗಿನ ಹತ್ತಿರ ಅರಿಷಿಣದ ಕಲೆ ಇದೆ, ಕಾಣದ ಹಾಗೆ ಉಟ್ಟುಕೊಳ್ಳಿ. ತಿರುಗಿ ಕಳಿಸುವುದು ಬೇಡ. ಅಗರಖೇಡಕ್ಕೆ ನಾನು ಬರುವುದಿಲ್ಲ. ಮುದ್ದೇಬಿಹಾಳದಲ್ಲಿ ಬಾಲವಾಡಿಯ ಕೆಲಸ ಸಿಕ್ಕಿದೆ, ಬರುವ ತಿಂಗಳಿಂದ ಅಲ್ಲೇ ಇರುತ್ತೇನೆ. ಅಪ್ಪ ಮಾತು ಬಿಟ್ಟಿದ್ದಾರೆ. ನಿಮ್ಮ ಅವ್ವನೂ ಬಂದು ಅತ್ತು ಕರೆದು ಹೋದರು. ಬಾಗಿಲಲ್ಲಿ ನಿಲ್ಲಲು ನಿಮಗೆ ಹೆಂಡತಿ ಬೇಕಿದ್ದರೆ ಹೇಗೂ ಸೀರೆ ನಿಮ್ಮ ಹತ್ತಿರವೇ ಇರುತ್ತದೆ. ನೀವೇ ಉಟ್ಟು ನಿಂತುಕೊಳ್ಳಿ.

ಇಷ್ಟೇ,
ಇಂದುಬಾಯಿ

ತಾ.ಕ.: ನಾನು ಹೇಗೆ ಅತ್ತೆ ಎನ್ನುವುದನ್ನು ಬರೆಯಲೇ ಇಲ್ಲ. ನಾನು ಅತ್ತದ್ದು ಎರಡನೆಯ ತಾರು ಬಂದ ದಿನ. ನೀವು ಬದುಕಿದ್ದೀರಿ ಎಂದು ಮಾಸ್ತರರು ಓದಿದ ಕೂಡಲೇ ಹಿತ್ತಲಿಗೆ ಹೋಗಿ, ಬಾಯಿಗೆ ಸೆರಗು ತುರುಕಿಕೊಂಡು, ಉಸಿರು ಸಿಕ್ಕಿಕೊಳ್ಳುವಷ್ಟು ಅತ್ತೆ. ಗಂಡ ಉಳದನಂತ ಖುಷಿಗೆ ಅಳಾಕತ್ತಾಳ ಅಂದರು ಎಲ್ಲರೂ. ನಿಮ್ಮ ಅವ್ವ ಮೊದಲ ಸಲ ನನ್ನ ಬೆನ್ನು ಸವರಿದರು. ಅಲ್ಲ ಎಂದು ನಾನು ಯಾರಿಗೂ ಹೇಳಲಿಲ್ಲ.