ಇಬ್ಬರೂ ಸೋಲಲು ಹೊರಟ ಕುಸ್ತಿ

ದಾವಣಗೆರೆ,
ಎರಡನೆಯ ಫೆಬ್ರವರಿಯ ಮೂವತ್ತೊಂದನೇ ತಾರೀಖು, ಕ್ರಿ.ಶ. ೨೨೪೧

ಟಿವಿಯಲ್ಲಿ ಕುಸ್ತಿ ನೋಡಿ ಅದರ ಬಗ್ಗೆ ನಾಲ್ಕು ಮಾತು ಬರೆಯುವ ಹಿಂದಿನ ಕಾಲದ ಬಂಧುಗಳಿಗೆ ಬಕ್ಕೇಶಪ್ಪನ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಫೆಬ್ರವರಿ ಎರಡು ಸಲ ಬರುತ್ತದೆ, ಒಂದು ಗಿಡ್ಡ, ಒಂದು ಉದ್ದ. ಯಾಕೆ ಹೀಗೆ ಮಾಡಿದರೆಂದು ನನ್ನ ಮದುವೆಯ ಕಾಲದಿಂದ ಕೇಳುತ್ತಿದ್ದೇನೆ, ಯಾರೂ ಸರಿಯಾಗಿ ಹೇಳಿಲ್ಲ. ನನ್ನ ಮಾತುಗಳೂ ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಬಹುದು, ಮನ್ನಿಸಬೇಕು. ನಿಮಗೆ ಅನುಕೂಲವಾಗಲೆಂದು ಸ್ವಲ್ಪ ಇಂಗ್ಲಿಷ್ ಬೆರೆಸಿದ್ದೇನೆ. ನಮ್ಮ ಕಾಲೇಜಿನಲ್ಲಿ ಹಳಗನ್ನಡ, ಇಂಗ್ಲಿಷ್ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಸುಲಭವಿರಬಹುದೆಂದು ಇಂಗ್ಲಿಷ್ ಹಿಡಿದೆ. ಈಗ ಅರ್ಧ ಮರೆತಿದೆ, ಉಳಿದರ್ಧ ಆಗಲೇ ಸರಿಯಾಗಿ ಕಲಿತಿರಲಿಲ್ಲ. ಆದರೂ ವಿತ್ ಫುಲ್ ರೆಸ್ಪೆಕ್ಟ್‌ಫುಲ್ಲಿ ಬರೆಯುತ್ತಿದ್ದೇನೆ.

ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲು. ಅದರ ನಿಯಮ ಬಿಗಿ: ಹಿಂದಿನವರಿಗೆ ಉಪಯೋಗಕ್ಕೆ ಬರುವ ಯಾವ ಸಂಗತಿಯನ್ನೂ ಕಳಿಸುವಂತಿಲ್ಲ. ನಮ್ಮ ಕೇರಿಯ ಒಬ್ಬರು ತಮ್ಮ ಮುತ್ತಜ್ಜನಿಗೆ 'ಸ್ಟೇಷನ್ ಪಕ್ಕದ ಜಾಗ ಮಾರಬೇಡ' ಎಂದು ಬರೆದದ್ದು ಮರುದಿನವೇ ವಾಪಸು ಬಂತು. ನಾನು ಕರಡು ತೋರಿಸಿದಾಗ ಕಚೇರಿಯ ಹೆಣ್ಣುಮಗಳು ಮೊದಲಿಂದ ಕೊನೆಯವರೆಗೆ ಓದಿ, "ಅಜ್ಜಾರೆ, ಇದ್ರಾಗೆ ಯಾರಿಗೂ ಉಪಯೋಗ ಆಗೋದು ಒಂದೂ ಇಲ್ಲ. ಧಾರಾಳ ಕಳಿಸ್ರಿ" ಎಂದಳು. ನನಗೆ ಬಹಳ ಸಂತೋಷವಾಯಿತು.

ನಾನು ಬರೆಯುವುದು 'ಗುರುವಾರದ ಗುದ್ದಾಟ' ಎಂಬ ಕಾರ್ಯಕ್ರಮದ ವಿಮರ್ಶೆ. ಅದು ಗಾಳಿಪರದೆಯಲ್ಲಿ ಬರುತ್ತದೆ. ಗಾಳಿಪರದೆ ನಿಮ್ಮ ಟಿವಿಯ ಮರಿಮಗಳು ಎನ್ನಿ. ಕೇರಿಯ ನಡುವಿನ ಅಂಗಳದಲ್ಲಿ ಬರೀ ಬೆಳಕಿನಿಂದ ಅಖಾಡ ಎದ್ದು ನಿಲ್ಲುತ್ತದೆ, ಜಟ್ಟಿಗಳು ಆಳೆತ್ತರ ಕಾಣುತ್ತಾರೆ, ಮುಟ್ಟಹೋದರೆ ಕೈ ಆಚೆಗೆ ದಾಟುತ್ತದೆ. ಆದರೂ ಗುರುವಾರ ಸಂಜೆ ನಮ್ಮವರು ಅಂಗಳ ಗುಡಿಸಿ ನೀರು ಚಿಮುಕಿಸುತ್ತಾರೆ, ಬೀಳುವವರಿಗೆ ಕಲ್ಲು ಚುಚ್ಚದಿರಲಿ ಎಂದು. ನನ್ನ ಹೆಂಡತಿ ಹಾಲಮ್ಮ ಇದ್ದಾಗ, ಜಟ್ಟಿ ಯಾರಾದರೂ ನಮ್ಮ ಕಡೆ ಉರುಳಿ ಬಂದರೆ ಮಂಡಕ್ಕಿ ತಟ್ಟೆಯನ್ನು ಸೆರಗಿನೊಳಗೆ ಎಳೆದುಕೊಳ್ಳುವಳು. ಅದು ಬರೀ ಬೆಳಕಲ್ಲವೇನೇ ಎಂದರೆ, "ಬೆಳಕಿಗೂ ಹಸಿವಾಗಿರ್ತೈತಿ, ಅವಾಗಿಂದ ಗುದ್ದಾಡ್ತೈತಿ" ಎನ್ನುವಳು. ಅವಳು ಹೋಗಿ ಮೂರು ವರ್ಷವಾಯಿತು. ಈಗಲೂ ಅವಳ ಜಾಗ ಬಿಟ್ಟೇ ಕೂರುತ್ತೇನೆ. ಅಲ್ಲಿ ಕೇರಿಯ ಮಕ್ಕಳು ಚಪ್ಪಲಿ ಬಿಡುತ್ತಾರೆ.

ನಿಮ್ಮ ಕಾಲದಲ್ಲಿ ಇಂಥ ಕುಸ್ತಿ ನಿಜವೋ ನಾಟಕವೋ ಎಂದು ಮನೆಮನೆಯಲ್ಲೂ ವಾದ ನಡೆಯುತ್ತಿತ್ತಂತೆ. ನಮ್ಮಲ್ಲಿ ಆ ವಾದ ಮುಗಿದು ಬಹಳ ಕಾಲವಾಯಿತು. ಯಾರು ಗೆಲ್ಲಬೇಕೆಂದು ಮೊದಲೇ ಗೊತ್ತಾಗಿರುತ್ತದೆ ಎಂಬುದು ಹಾಲುಗಲ್ಲದ ಕೂಸಿಗೂ ತಿಳಿದಿದೆ. ಮದುವೆಯಲ್ಲಿ ಯಾರು ಯಾರಿಗೆ ತಾಳಿ ಕಟ್ಟುತ್ತಾರೆಂದು ಗೊತ್ತಿದ್ದೂ ಎಲ್ಲರೂ ಕತ್ತು ಉದ್ದ ಮಾಡಿ ನೋಡುವುದಿಲ್ಲವೇ? ಹಾಗೆ.

ಗೊತ್ತುಮಾಡುವ ರೀತಿ ಮಾತ್ರ ನಿಮಗೆ ಹೊಸದಿರಬಹುದು. ಕುಸ್ತಿಗೆ ಮುಂಚೆ ಇಬ್ಬರೂ ಒಳಕೋಣೆಯಲ್ಲಿ ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ. ಕೊನೆಯ ತುತ್ತು ಯಾರ ಬಾಯಿಗೆ ಹೋಯಿತೋ ಅವರು ಅಂದು ಬೀಳಬೇಕು. ಇದನ್ನು ಕಡೆತುತ್ತು ಎನ್ನುತ್ತೇವೆ. ಬೀಳುವವರ ಕೆಲಸ ದೊಡ್ಡದು, ಅವರ ಹೊಟ್ಟೆ ತುಂಬಿರಲಿ ಎಂದು ಹಿಂದೆ ಯಾರೋ ಪುಣ್ಯಾತ್ಮರು ಮಾಡಿದ ಕಟ್ಟಳೆ. ಅದರ ಬಗ್ಗೆ ಬಾಯಿ ಬಿಟ್ಟು ಮಾತಾಡುವಂತಿಲ್ಲ. ತಿನ್ನಬೇಕು, ಕೈ ತೊಳೆಯಬೇಕು, ಅಖಾಡಕ್ಕೆ ಇಳಿಯಬೇಕು.

ಈಗ ವಿಮರ್ಶೆ. ನಿಮ್ಮವರು ನಕ್ಷತ್ರ ಕೊಡುತ್ತಿದ್ದರಂತೆ. ನಾನು ದಾವಣಗೆರೆಯವನು, ಮಿರ್ಚಿ ಕೊಡುತ್ತೇನೆ.

ಮೊದಲ ಕುಸ್ತಿ, ಗಾಳಿತೆರಿಗೆ ಸಾಹೇಬನಿಗೂ ಹರಪನಹಳ್ಳಿಯ ಒಬ್ಬ ಹೊಸಬನಿಗೂ. ಸಾಹೇಬ ಖಳ. ಶುದ್ಧ ಗಾಳಿಗೆ ನಾವು ತೆರಿಗೆ ಕಟ್ಟುತ್ತೇವೆ, ಅದನ್ನು ಅಳೆಯಲು ಬರುವ ಅಧಿಕಾರಿಯ ವೇಷ ಅವನದು. ಅಖಾಡಕ್ಕೆ ಬಂದವನೇ ಕೊರಳಿಗೆ ಮೀಟರು ಹಾಕಿಕೊಂಡು ಜನರ ಉಸಿರು ಎಣಿಸಲು ತೊಡಗುತ್ತಾನೆ. ಅವನು ಒದೆ ತಿನ್ನುವವರೆಗೂ ಜನ ಉಸಿರು ಕಟ್ಟಿ ಪ್ರತಿಭಟಿಸುವುದು ರೂಢಿ. ಈ ಸಲ ಹೊಸಬ ಒದೆಯುವುದಕ್ಕೆ ತಡಮಾಡಿದ್ದರಿಂದ ನಮ್ಮ ಅಂಗಳದಲ್ಲಿ ಇಬ್ಬರಿಗೆ ತಲೆ ಸುತ್ತಿತು. ಮೂರು ಮಿರ್ಚಿ. ಎರಡನೆಯದು ಅಳಿಯಂದಿರ ಜೋಡಿಗೂ ಅತ್ತೆಯರ ಜೋಡಿಗೂ. ಅಳಿಯಂದಿರು ಹೆದರಿದಂತೆ ನಟಿಸಬೇಕಿತ್ತು, ನಿಜವಾಗಿಯೇ ಹೆದರಿದರು. ಆ್ಯಕ್ಟಿಂಗ್ ಈಸ್ ನಾಟ್ ಪ್ರೆಸೆಂಟ್, ಸರ್. ಅರ್ಧ ಮಿರ್ಚಿ, ಅದೂ ಆರಿದ್ದು.

ಮೂರನೆಯ ಕುಸ್ತಿಗಾಗಿಯೇ ಈ ಪತ್ರ.

ಬಂಡೆ ಕೊಟ್ಟೂರವ್ವ ನಮ್ಮ ಪಕ್ಕದ ಕೇರಿಯವಳು. ಹೆಸರಿಗೆ ಬಂಡೆ, ಕೆಲಸ ಮಾತ್ರ ಬೀಳುವುದು. ಪ್ರಾಯದಿಂದ ಈ ಅರವತ್ತರವರೆಗೆ ಒಂದು ಸಲವೂ ಗೆದ್ದವಳಲ್ಲ. ಇಂದು ದೊಡ್ಡ ದೊಡ್ಡ ಪಟ್ಟ ಕಟ್ಟಿಕೊಂಡು ಓಡಾಡುವ ಜಟ್ಟಿಗಳೆಲ್ಲ ಒಂದು ಕಾಲಕ್ಕೆ ಇವಳನ್ನು ಬೀಳಿಸಿಯೇ ಹೆಸರು ಮಾಡಿದವರು. ಅವಳು ಬಿದ್ದರೆ, ಬೀಳಿಸಿದವನು ಪರ್ವತ ಎತ್ತಿದವನ ಹಾಗೆ ಕಾಣುತ್ತಿದ್ದ. ಹಾಲಮ್ಮ ಹೇಳುತ್ತಿದ್ದಳು, ನಮ್ಮ ಮನೆಯ ಬಾಗಿಲಿಗೆ ಇವಳು ಡಿಕ್ಕಿ ಹೊಡೆದರೂ ಬಾಗಿಲು ಪೈಲ್ವಾನನಾಗುತ್ತದೆ ಎಂದು. ಈಗ ಕೊಟ್ಟೂರವ್ವನ ಹೆಗಲು ಸವೆದಿದೆ, ವೈದ್ಯರು ಸಾಕು ಎಂದಿದ್ದಾರೆ. ಇದು ಅವಳ ಕೊನೆಯ ಕುಸ್ತಿ ಎಂದು ಸಾರಿದ್ದರು.

ಎದುರಾಳಿ ಸುಂಟರಗಾಳಿ ನಗೀನಾ, ಕೊಟ್ಟೂರವ್ವನ ಶಿಷ್ಯೆಯೇ. ಭದ್ರಾ ನಾಲೆಯಲ್ಲಿ ಸರಕಿನ ದೋಣಿ ನಡೆಸುತ್ತಿದ್ದ ಹುಡುಗಿ. ಬಂದು ಒಂದು ವರ್ಷವಾಗುತ್ತ ಬಂದರೂ ಗೆಲುವು ಕಂಡಿಲ್ಲ. ಕೊಟ್ಟೂರವ್ವನ ಪ್ರಾಯದಲ್ಲಿ ಇರಲಿಲ್ಲ, ಈಗ ಹೊಸಬರು ವರ್ಷದೊಳಗೆ ಒಂದಾದರೂ ಗೆಲ್ಲದಿದ್ದರೆ ಕಾರ್ಯಕ್ರಮದಿಂದ ಹೆಸರು ತೆಗೆಯುತ್ತಾರೆ. ಈ ಗುರುವಾರ ಅವಳಿಗೆ ಕಡೆಯ ಅವಕಾಶ. ಗೆಲ್ಲದಿದ್ದರೆ ಮತ್ತೆ ದೋಣಿ. ಇದು ಊರಿಗೆಲ್ಲ ಗೊತ್ತಿತ್ತು. ಆದ್ದರಿಂದ ಕೊಟ್ಟೂರವ್ವ ಎಂದಿನಂತೆ ಬೀಳುತ್ತಾಳೆ, ಹುಡುಗಿ ಉಳಿಯುತ್ತಾಳೆ ಎಂದು ನಾವು ನೆಮ್ಮದಿಯಾಗಿ ಮಂಡಕ್ಕಿ ಕಲಸಿಕೊಂಡು ಕೂತೆವು.

ಕೈ ಕೈ ಕೂಡಿಸಿದರು. ನಗೀನಾ ಮೆಲ್ಲಗೆ ಭುಜಕ್ಕೊಂದು ತಟ್ಟಿದಳು. ಕೊಟ್ಟೂರವ್ವ ಬುಡ ಕಡಿದ ಮರದ ಹಾಗೆ ಬಿದ್ದಳು. ತಿರುಗಿ ನೋಡಿದರೆ ನಗೀನಾಳೂ ಬಿದ್ದಿದ್ದಾಳೆ. ತೀರ್ಪುಗಾರ ಯಾರನ್ನು ಎಣಿಸಲಿ? ಇಬ್ಬರನ್ನೂ ಎಬ್ಬಿಸಿದ. ಮತ್ತೆ ಹಿಡಿದರು, ಮತ್ತೆ ಇಬ್ಬರೂ ಬೆನ್ನ ಮೇಲೆ. ಮೂರನೆಯ ಸಲ ನಗೀನಾ ಯಾರೂ ಮುಟ್ಟದೆಯೇ ಮಲಗಿಬಿಟ್ಟಳು. ನಮ್ಮ ಅಂಗಳ ಸೈಲೆಂಟ್ ಲೈಕ್ ಎ ಪಿನ್. ಅಖಾಡದ ಕೆಳಗಿನ ಮೈಕು ತೆರೆದೇ ಇದೆಯೆಂದು ಅವರಿಗೆ ನೆನಪಿರಲಿಲ್ಲ. ಪಕ್ಕಪಕ್ಕ ಮಲಗಿ ಅವರು ಪಿಸುಗುಟ್ಟಿದ್ದನ್ನು ಇಡೀ ಜಿಲ್ಲೆ ಕೇಳಿತು.

"ಏಳೇ, ನೀನ್ಯಾಕೆ ಬಿದ್ದಿ?"

"ಕಡೆತುತ್ತು ನಂದವ್ವಾ. ನೀನ ನೋಡಿದ್ಯಲ್ಲ."

"ನೀ ಕೈ ತೊಳಿಯಾಕೆ ಹೋದಾಗ ನಾ ಇನ್ನೊಂದು ಹೋಳಿಗಿ ಹಾಕಿಸ್ಕೊಂಡೆ. ಕಡೆತುತ್ತು ನಂದು."

"ತಟ್ಟಿ ಎತ್ತಿದ ಮ್ಯಾಲೆ ತಿಂದದ್ದು ಲೆಕ್ಕಕ್ಕಿಲ್ಲ."

"ಎಲ್ಲಿ ಎತ್ತಿದ್ರು? ನಾ ತಟ್ಟಿ ಬಿಗಿಯಾಗಿ ಹಿಡ್ಕೊಂಡಿದ್ದೆ."

"ಜೀವನದಾಗೆ ಒಂದ್ಸಲ ಗೆಲ್ಲವ್ವಾ ಅಂದ್ರೆ ಹೋಳಿಗಿ ತಿಂತಾ ಕುಂತ್ಯಾ?"

"ದೋಣಿಗೆ ಹೋಗ್ತಿಯೇನೇ ಹುಚ್ಚಿ? ಎದ್ದು ನನ್ನ ಬೀಳ್ಸು."

ಗುರುವಿನ ಕೊನೆಯ ಕುಸ್ತಿಯಲ್ಲಿ ಅವಳಿಗೆ ಗೆಲುವು ಕೊಡಬೇಕೆಂದು ಹುಡುಗಿ ತನ್ನ ಅನ್ನವನ್ನೇ ಪಣಕ್ಕಿಟ್ಟು ಕಡೆತುತ್ತು ಕಸಿದಿದ್ದಳು. ಹುಡುಗಿಯನ್ನು ಉಳಿಸಬೇಕೆಂದು ಮುದುಕಿ ಅದರ ಮೇಲೆ ಹೋಳಿಗೆ ತಿಂದಿದ್ದಳು. ಕಡೆತುತ್ತಿನ ಬಗ್ಗೆ ಬಾಯಿ ಬಿಡಬಾರದೆಂಬ ಕಟ್ಟಳೆಯಿಂದ ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ನಮ್ಮ ಅಂಗಳ ಎರಡು ಪಕ್ಷವಾಯಿತು. ಹೋಳಿಗೆ ಸಿಹಿ, ಅದು ಊಟದಲ್ಲಿ ಬರುವುದೇ ಇಲ್ಲ ಎಂದು ಕೆಲವರು. ತಟ್ಟೆ ಇರುವವರೆಗೂ ಊಟವೇ ಎಂದು ಕೆಲವರು. ನಾನು ಏನೋ ಹೇಳಲು ಪಕ್ಕಕ್ಕೆ ತಿರುಗಿದೆ, ಚಪ್ಪಲಿಗಳಿದ್ದವು. ಅವಕ್ಕೇ ಹೇಳಿದೆ: ಹೋಳಿಗೆಗೆ ತುಪ್ಪ ಹಾಕಿದ್ದರೆ ಊಟ, ಹಾಕದಿದ್ದರೆ ಅಲ್ಲ.

ಇಬ್ಬರೂ ಎದ್ದರು. ನಗೀನಾ ಹಟ ಹಿಡಿದು ಕೈ ಕಟ್ಟಿ ನಿಂತಳು, ಮುಟ್ಟುವುದೇ ಇಲ್ಲವೆಂದು. ಅವಳು ಮುಟ್ಟದೆ ಇವಳು ಬೀಳುವುದೆಂತು? ಕೊಟ್ಟೂರವ್ವ ಅವಳ ಸುತ್ತ ಒಂದು ಸುತ್ತು ಬಂದಳು, ಸಂತೆಯಲ್ಲಿ ಎಮ್ಮೆ ನೋಡುವವರ ಹಾಗೆ. ಅಷ್ಟರಲ್ಲಿ ಹುಡುಗಿಯ ಕೂದಲು ಅವಳ ಕಣ್ಣ ಮೇಲೆ ಜಾರಿತು. ಸರಿಸಲೆಂದು ಕೈ ಎತ್ತಿದಳು. ಅಷ್ಟು ಸಾಕಾಯಿತು. ಬಂಧುಗಳೇ, ಆ ಕೈಯ ಗಾಳಿಗೇ ಕೊಟ್ಟೂರವ್ವ ಹಾರಿದಳು. ಸಿಡಿಲು ಬಡಿದವಳಂತೆ ಹಿಂದಕ್ಕೆ ಹಾರಿ ಹಗ್ಗಕ್ಕೆ ಬಡಿದು, ಆ ಹಗ್ಗವೇ ಎಸೆದಂತೆ ತಿರುಗಿ ಬಂದು, ಬರುತ್ತಲೇ ನಗೀನಾಳ ಸೊಂಟಕ್ಕೆ ಕೈ ಸುತ್ತಿ, ಅವಳನ್ನು ತನ್ನ ಮೇಲೆಳೆದುಕೊಂಡು ಬೆನ್ನಡಿಯಾಗಿ ಬಿದ್ದಳು. ಬಿದ್ದ ಸದ್ದಿಗೆ ನಮ್ಮ ಅಂಗಳದ ನಾಯಿ ಎದ್ದು ಹೋಯಿತು. ಹುಡುಗಿ ಏಳಲು ಒದ್ದಾಡಿದಳು. ಮುದುಕಿ ಎರಡೂ ಕಾಲಿನಿಂದ ಅವಳನ್ನು ಕಟ್ಟಿಹಾಕಿದ್ದಳು. ಸೋತವಳು ಗೆದ್ದವಳನ್ನು ಬಿಡದೆ ಹಿಡಿದು ಸೋಲು ಎಣಿಸಿಕೊಂಡದ್ದನ್ನು ನಾನು ಹಿಂದೆಂದೂ ನೋಡಿಲ್ಲ. ಒಂದು, ಎರಡು, ಮೂರು. ಮೇಲೆ ನಗೀನಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ಕೆಳಗೆ ಕೊಟ್ಟೂರವ್ವ ಹೊಟ್ಟೆ ಕುಣಿಸಿ ನಗುತ್ತಿದ್ದಳು. ಹುಡುಗಿಯ ಹಣೆ ನೆಲಕ್ಕೆ ಬಡಿಯದ ಹಾಗೆ ಒಂದು ಅಂಗೈ ಅಡ್ಡ ಕೊಟ್ಟಿದ್ದಳು. ಮಿರ್ಚಿ ಎಣಿಸುವುದು ಬಿಟ್ಟೆ. ಬಾಣಲೆಯನ್ನೇ ಕೊಟ್ಟಿದ್ದೇನೆ.

ಆಮೇಲೆ ನಡೆದದ್ದು ಯಾರಿಗೂ ಅರ್ಥವಾಗಲಿಲ್ಲ. ನಿವೃತ್ತರಾಗುವ ಜಟ್ಟಿ ಅಖಾಡದ ಒಂದು ಹಿಡಿ ಮಣ್ಣೆತ್ತಿ, ತನಗೆ ವಿದ್ಯೆ ಕಲಿಸಿದವರ ಹೆಸರು ಗಟ್ಟಿಯಾಗಿ ಹೇಳಿ, ಮಣ್ಣನ್ನು ಅಲ್ಲಿಗೇ ಬಿಡಬೇಕು. ಹಾಗೆ ಬಿಡುವವರೆಗೂ ನಿವೃತ್ತಿಯಿಲ್ಲ. ಕೊಟ್ಟೂರವ್ವ ಮಣ್ಣೆತ್ತಿದಳು. ಜನ ಕೈ ಮುಗಿದು ಕಾದರು. ಅವಳು ಬಾಯಿ ತೆರೆದಳು, ಮುಚ್ಚಿದಳು, ಮಣ್ಣನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟೇಹೋದಳು.

ಮರುದಿನ ಬೆಳಿಗ್ಗೆ ಬೆಣ್ಣೆ ದೋಸೆ ಅಂಗಡಿಯಲ್ಲಿ ಸಿಕ್ಕಳು. ಹಾರ್ಟ್ಲಿ ಕಂಗ್ರಾಜುಲೇಶನ್ಸ್ ಎಂದೆ. ನೀನು ಏನಂದೆಯೋ ಗೊತ್ತಿಲ್ಲ, ದೋಸೆ ಹೇಳು ಎಂದಳು. ತಿನ್ನುತ್ತ ವಿಷಯ ಬಂತು. ಪಟ್ಟು ಹಾಕುವುದನ್ನು ಗರಡಿಯಲ್ಲಿ ಕಲಿತೆ, ಬೀಳುವುದನ್ನು ಅಲ್ಲಿ ಕಲಿಯಲಿಲ್ಲ ಎಂದಳು. ಚಿಕ್ಕವಳಿದ್ದಾಗ ನಿಮ್ಮ ಕಾಲದ ಒಂದು ಹಳೆಯ ಟಿವಿ ತುಣುಕು ನೋಡಿದ್ದಳಂತೆ, ಮಸುಕಾದದ್ದು. ಹಸಿರು ಚಡ್ಡಿಯವನೊಬ್ಬ, ಮುಂದಲೆ ಬೋಳು, ಎಡ ಮೊಣಕಾಲಿಗೆ ಬಿಳಿ ಪಟ್ಟಿ, ಸ್ವಲ್ಪ ಹೊಟ್ಟೆ. ದೊಡ್ಡ ಹೆಸರಿನ ಜಟ್ಟಿ ಬಂದು ಅವನನ್ನು ಎತ್ತಿ ಒಗೆದು ಅವನ ಮೇಲೆ ಬೀಳುತ್ತಾನೆ, ಎಣಿಕೆ ಮುಗಿಯುತ್ತದೆ, ಅಷ್ಟೇ. ಬೀಳುವಾಗ ಹಸಿರು ಚಡ್ಡಿಯವನು ಗೆದ್ದವನ ತಲೆಗೆ ಪೆಟ್ಟಾಗದಂತೆ ತನ್ನ ಅಂಗೈ ಅಡ್ಡ ಇಡುತ್ತಾನೆ. ಅಲ್ಲಿ ಯಾರೂ ಅದನ್ನು ಗಮನಿಸುವುದಿಲ್ಲ. ಗೆದ್ದವನ ಹೆಸರು ಕೂಗುತ್ತಾರೆ. ಇವನ ಹೆಸರು ಹೇಳುವಷ್ಟರಲ್ಲಿ ಜಾಹೀರಾತು ಬರುತ್ತದೆ.

"ಅವನು ನನ್ನ ಗುರು. ಹೆಸರಿಲ್ದೆ ಮಣ್ಣು ಹೆಂಗ ಬಿಡ್ಲಿ? ನೀ ಬರೆಯೋನು ಬಕ್ಕಣ್ಣ, ಆ ಕಾಲದೋರನ್ನ ಒಂದು ಮಾತು ಕೇಳು" ಎಂದಳು.

ಅದಕ್ಕೇ ಕೇಳುತ್ತಿದ್ದೇನೆ. ಈ ವಾರ ನೀವು ಟಿವಿ ಹಾಕಿದಾಗ ಅವನು ಬಂದರೂ ಬರಬಹುದು. ಬಂದರೆ ಅವನ ಹೆಸರನ್ನು ನಿಮ್ಮ ವಿಮರ್ಶೆಯಲ್ಲಿ ಒಂದು ಕಡೆ ಬರೆಯಿರಿ. ನಕ್ಷತ್ರ ಕೊಡದಿದ್ದರೂ ನಡೆಯುತ್ತದೆ. ಬರೆದದ್ದು ಹೇಗೋ ನಮ್ಮವರೆಗೆ ಬರುತ್ತದೆ, ನಾವು ಹುಡುಕಿಕೊಳ್ಳುತ್ತೇವೆ. ಹೆಸರು ಸಿಗುವವರೆಗೂ ಶಾಸ್ತ್ರ ಮುಗಿಯದು, ಶಾಸ್ತ್ರ ಮುಗಿಯದೆ ಅವಳು ನಿವೃತ್ತಳಲ್ಲ. ಆದ್ದರಿಂದ ಮುಂದಿನ ಗುರುವಾರವೂ ಅವಳಿಗೆ ಕುಸ್ತಿ ಕಟ್ಟಿದ್ದಾರೆ, ಮತ್ತೊಬ್ಬ ಹೊಸ ಹುಡುಗಿಯ ಜೊತೆ. ವೈದ್ಯರು ಸಿಟ್ಟಾಗಿದ್ದಾರೆ. ನಗೀನಾ ಎಣ್ಣೆ ಕಾಯಿಸಿ ಅವಳ ಹೆಗಲು ತಿಕ್ಕುತ್ತಿದ್ದಾಳೆ.

ಕೊಟ್ಟೂರವ್ವನ ಹೆಗಲಿನ ಪರವಾಗಿ ಬೇಡಿಕೊಳ್ಳುತ್ತೇನೆ, ಆದಷ್ಟು ಬೇಗ ಬರೆಯಿರಿ. ನನ್ನ ಗುರುವಾರದ ಸಂಜೆಗಳ ಪರವಾಗಿ ಹೇಳುವುದಾದರೆ, ಅಂಥ ಅವಸರವೇನಿಲ್ಲ.

ನಿಮ್ಮ,
ಬಕ್ಕೇಶಪ್ಪ