ಆಲೆಮನೆಯ ಗೋಡೆ

4-11-96, ಸೋಮವಾರ
ಡೇರಿಯಲ್ಲಿ ಹಾಲು ಅಳೆದು ಬಂದೆ. ಸ್ನಾನ, ಊಟ. ಪ್ರಮೀಳಾ ಸ್ಕೂಲಿಂದ ಸುತ್ತೋಲೆ ತಂದು ಟೀವಿ ಮೇಲೆ ಇಟ್ಟಿದ್ದಾಳೆ. ಶಿಕ್ಷಕರ ಕ್ರೀಡಾಕೂಟ, ಪಾಂಡವಪುರ, ಡಿಸೆಂಬರ್ ಎಂಟು. ಬಾಲ್ ಬ್ಯಾಡ್ಮಿಂಟನ್ ಮಿಕ್ಸೆಡ್ ಡಬಲ್ಸ್, ಗಂಡ-ಹೆಂಡತಿಯೂ ಆಡಬಹುದು. ಇಟ್ಟು, ಒಳಗೆ ಹೋದಳು.

ಕಾಲೇಜಿನಲ್ಲಿ ಕ್ಯಾಪ್ಟನ್ ಆಗಿದ್ದವಳು. ಮದುವೆಯಾದ ಹೊಸತರಲ್ಲಿ 'ಊರವರು ನೋಡ್ತಾರೆ, ಆಟಗೀಟ ಸಾಕು' ಅಂದವನು ನಾನೇ. ಹನ್ನೊಂದು ವರ್ಷ. ಒಂದು ದಿನವೂ ಅವಳು ಆ ಮಾತು ಎತ್ತಿಲ್ಲ. ಅದೇ ಚುಚ್ಚುತ್ತದೆ.

ಹೆಸರು ಕೊಟ್ಟುಬಿಡು, ಇಬ್ಬರದೂ, ಅಂದೆ. ನಾನೋ, ಜನ್ಮದಲ್ಲಿ ಬ್ಯಾಟು ಮುಟ್ಟಿದವನಲ್ಲ.

7-11, ಸಂಜೆ
ನಮ್ಮ ಆಲೆಮನೆಯಲ್ಲಿ ಬೆಲ್ಲ ತೆಗೆಯುವುದು ನಿಂತು ಎರಡು ವರ್ಷ. ಅದರ ಹಿತ್ತಲೇ ಕೋರ್ಟು. ಯಾರಿಗೂ ಕಾಣುವುದಿಲ್ಲ. ಎರಡು ಗಳ ನೆಟ್ಟು ಬಲೆ ಕಟ್ಟಿದೆ. ಆ ಕಡೆಯಿಂದ ಚೆಂಡು ಹೊಡೆಯಲು ಡೇರಿ ಟೆಸ್ಟರ್ ನಾಗರಾಜು. ನಮ್ಮ ಬೆನ್ನಿಗೆ ಗೋಡೆ.

"ಮಚ್ಚು ಹಿಡ್ದಂಗೆ ಹಿಡೀಬೇಡಿ ಕಣ್ರೀ. ಕೈ ಸಡಿಲ ಬಿಡಿ. ಚೆಂಡು ನೋಡಿ, ನನ್ನಲ್ಲ."

ಪ್ರಮೀಳಾಳನ್ನೇ ನೋಡುತ್ತಿದ್ದೆ, ನಿಜ. ಉಣ್ಣೆ ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯಬೇಕಂತೆ. ಒಂದೂ ಸಿಗಲಿಲ್ಲ. ಕಲ್ಲಿನ ಮೇಲೆ ಕೂತು ನೋಡುತ್ತಿದ್ದ ಅವ್ವನೇ ಕಾನೂನು ಮಾಡಿದಳು.

"ಗ್ವಾಡೆಗೆ ಬಡ್ದು ಬತ್ತದಲ್ಲ, ಆಗ್ಲೂ ಒಡೀಲಿ ಬುಡು. ಇಲ್ದಿದ್ರೆ ಇವನ್ಗೆ ಯಾವತ್ತು ಸಿಕ್ಕಾದು?"

19-11
ಭುಜ ಎತ್ತಲಾಗುತ್ತಿಲ್ಲ. ಎಡಗೈಯಲ್ಲಿ ಹಾಲು ಅಳೆದೆ. ಪ್ರಮೀಳಾ ಎಣ್ಣೆ ಕಾಯಿಸಿ ತಿಕ್ಕಿದಳು... ನೋವು ಇನ್ನೂ ನಾಲ್ಕು ದಿನ ಇರಲಿ ಅನ್ನಿಸಿತು.

ಆದರೆ ಗೋಡೆ ಏಟು ಬಂದುಬಿಟ್ಟಿದೆ. ಎತ್ತರದ ಚೆಂಡು ಬಂದರೆ ಪಕ್ಕಕ್ಕೆ ಸರಿ, ತಿರುಗು, ಗೋಡೆಯಿಂದ ವಾಪಸ್ ಬಂದಾಗ ಎತ್ತು. ಅಭ್ಯಾಸ ಕೆಡ್ತದೆ ಅಂತ ಬೈಯುತ್ತಾಳೆ. ಬೈಯುತ್ತಲೇ ತಾನೂ ಹಾಗೇ ಹೊಡೆಯುತ್ತಾಳೆ.

"ಗ್ವಾಡೆ ಇದ್ರೆ ಅಣ್ಣ ಯಾರ್ಗೂ ಸೋಲಾಕಿಲ್ಲ ಬುಡಿ," ಅಂದ ನಾಗರಾಜು.

30-11
ಬಲೆ ಬಿಚ್ಚುವಾಗ ಇಬ್ಬರೇ ಇದ್ದೆವು. ಅವತ್ತು ಅಂದದ್ದು ತಪ್ಪು ಅಂತ ಹೇಳಬೇಕೆಂದು ಬಾಯಿ ತೆಗೆದೆ. ಹಗ್ಗ ಗಂಟಾಗಿದೆ ಅಂದೆ. ಪುಕ್ಕಲ ನಾನು.

8-12, ಭಾನುವಾರ, ಸಂಜೆ 7
ಮೊದಲ ಸುತ್ತು. ಎದುರಿಗೆ ಬೆಳಗೊಳದ ಮೇಷ್ಟ್ರು ದಂಪತಿ. ಪ್ರಮೀಳಾ ಆಡುವುದನ್ನು ನೋಡಬೇಕಿತ್ತು. ಇಡೀ ಕೋರ್ಟು ಅವಳದೇ. ನಾನು ಅಡ್ಡ ಸಿಗದಂತೆ ಓಡಾಡಿಕೊಂಡಿದ್ದೆ. ಮೂರನೇ ಗೇಮು, ಅವರಿಗೆ ಇನ್ನೊಂದೇ ಪಾಯಿಂಟು ಬೇಕು.

ತಲೆ ಮೇಲೆ ಎತ್ತರದ ಚೆಂಡು ಬಂತು. ಸರಿದೆ. ತಿರುಗಿದೆ. ಬ್ಯಾಟು ಎತ್ತಿ ಗೋಡೆಗೆ ಕಾದೆ.

ಗೋಡೆ ಎಲ್ಲಿದೆ? ಬಯಲು. ಆಚೆ ಒಂದು ಮೇಕೆ ಮೇಯುತ್ತಿತ್ತು. ಚೆಂಡು ಗೆರೆಯ ಒಳಗೇ ಬಿತ್ತು.

ಅವಳ ಮುಖ ನೋಡಲು ಹೆದರಿಕೆ. ನೋಡಿದರೆ... ಅವಳೂ ಬೆನ್ನು ತಿರುಗಿಸಿ, ಬ್ಯಾಟು ಎತ್ತಿ ನಿಂತಿದ್ದಾಳೆ. ಮೈದಾನವೆಲ್ಲ ನಕ್ಕಿತು. ಅವಳು ಕೋರ್ಟಿನಲ್ಲೇ ಕೂತು ಕಣ್ಣೀರು ಬರುವವರೆಗೆ ನಕ್ಕಳು.

ಬಸ್ಸಿನಲ್ಲಿ ಹೇಳಿದೆ. "ಅವತ್ತು ಆಟ ಬುಡ್ಸಿದ್ದು ತಪ್ಪಾಯ್ತು ಕಣೆ."

ಕ್ಯಾತನಹಳ್ಳಿ ಹತ್ತಿರ ಬಂದಾಗ ಅವಳು ನನ್ನ ಕಡೆ ತಿರುಗಿದಳು.

"ಇನ್ಮೇಲೆ ಹಿತ್ಲಲ್ಲಿ ಬೇಡ. ಗೋಡೆ ಇಲ್ದೆ ಕಲೀರಿ. ನಾಳೆಯಿಂದ ಸ್ಕೂಲ್ ಮೈದಾನ, ಎಲ್ರ ಮುಂದೆ. ಬರ್ತೀರಾ?"

9-12, ಸಂಜೆ 5
ಅವ್ವ ಆಗಲೇ ಮೈದಾನದಲ್ಲಿ ಜಾಗ ಹಿಡಿದು ಕೂತಿದ್ದಾಳಂತೆ. ಡೇರಿಗೆ ಬಂದವರೆಲ್ಲ ಅಲ್ಲೇ ನಿಂತಿದ್ದಾರಂತೆ. ನೋಡಲಿ. ಪ್ರಮೀಳಾ ಎರಡು ಬ್ಯಾಟು ಹಿಡಿದು ಬಾಗಿಲಲ್ಲಿ ನಿಂತು ಕೂಗುತ್ತಿದ್ದಾಳೆ, ಬೆಳಕು ಹೋಗ್ತದೆ ಬನ್ರೀ ಅಂತ. ಚಪ್ಪಲಿ ಸಾಲದು, ಕ್ಯಾನ್ವಾಸ್ ಶೂ ಎಲ್ಲಿ—